ಟವೆಲ್ ಕೆಳಗಿನ ಮೆಕರೋನಿ

ತನಗೆ ಅಡುಗೆ ಬರುವುದಿಲ್ಲ ಎಂಬುದನ್ನು ಸರ್ಕಾರ ಕೊಟ್ಟ ಬಿರುದಿನ ಹಾಗೆ ಹೇಳಿಕೊಂಡು ತಿರುಗುವ ಗಂಡಸರನ್ನು ನೀವೂ ನೋಡಿರುತ್ತೀರಿ. "ನಂಗೆ ಕಾಫಿ ಕಾಯ್ಸೋಕೂ ಬರಲ್ಲ ಸ್ವಾಮಿ" ಎಂದು ಅವರು ಕಾಲ ಮೇಲೆ ಕಾಲು ಹಾಕಿಕೊಂಡು ಹೇಳುವ ಠೀವಿ ಕಂಡರೆ, ಈ ಮಹಾನುಭಾವ ಕಾಫಿಗಿಂತ ಘನವಾದ ಯಾವುದೋ ಕಾರ್ಯದಲ್ಲಿ ಮುಳುಗಿದ್ದಾನೆ, ಒಲೆಯ ಕಡೆ ತಿರುಗಲು ಪುರುಸೊತ್ತಾಗಿಲ್ಲ ಎಂದೇ ಅನ್ನಿಸಬೇಕು. ಮದುವೆಯಾಗಿ ಹದಿನೈದು ವರ್ಷದವರೆಗೆ ನಾನೂ ಆ ಸಂಘದ ಆಜೀವ ಸದಸ್ಯನಾಗಿದ್ದೆ. ಹದಿನಾರನೆಯ ವರ್ಷ ನನ್ನ ಸದಸ್ಯತ್ವ ರದ್ದಾಯಿತು. ಅದಕ್ಕೆ ಕಾರಣ ಒಂದು ಮೂಟೆ ಮೆಕರೋನಿ. ಆ ಮೂಟೆಯನ್ನು ದುಡ್ಡು ಕೊಟ್ಟು, ಬಸ್ಸಿನ ಮೇಲೆ ಹೇರಿಸಿಕೊಂಡು ಮನೆಗೆ ತಂದವನು ನಾನೇ ಎಂಬುದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ನನ್ನ ಹೆಂಡತಿ ಇದನ್ನು ಓದಿ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಾಳೆ.

ನನ್ನ ಘನಕಾರ್ಯ ಯಾವುದೆಂದರೆ ಚೌಕಾಸಿ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ನಾನು ದಲ್ಲಾಳಿ. ಹುಟ್ಟುತ್ತಲೇ ಯಾರೂ ನನಗೆ ಗಾದಿ ಹಾಸಿ ಕೂರಿಸಲಿಲ್ಲ. ತಲೆಯ ಮೇಲೆ ತೋತಾಪುರಿ ಬುಟ್ಟಿ ಹೊತ್ತು, ಕೂದಲೆಲ್ಲ ಮಾವಿನ ಸೊನೆಗೆ ಅಂಟಿಕೊಂಡು, ಅದೇ ಮಂಡಿಯಲ್ಲಿ ಮೇಲೆ ಬಂದವನು ನಾನು. ನನ್ನ ತಲೆ ಈಗ ಬೋಳಾಗಿರುವುದಕ್ಕೆ ಸೊನೆಯೇ ಕಾರಣ ಎಂದು ನಾನು ಹೇಳುತ್ತೇನೆ. ಇಲ್ಲಸಲ್ಲದ ಬುದ್ಧಿ ಹೆಚ್ಚಾಗಿ ಉದುರಿತು ಎಂದು ಮನೆಯವಳು ಹೇಳುತ್ತಾಳೆ. ಇರಲಿ. ನಮ್ಮ ಮಂಡಿಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಎದುರುಬದುರು ನಿಂತು ಕೈಕೈ ಹಿಡಿದುಕೊಳ್ಳುತ್ತಾರೆ, ಮೇಲೆ ಒಂದು ಟವೆಲ್ ಹೊದಿಸುತ್ತಾರೆ. ಲೆಕ್ಕ ಹತ್ತರಲ್ಲೋ ನೂರರಲ್ಲೋ ಎಂಬುದನ್ನು ಮಾತ್ರ ಮೊದಲೇ ಬಾಯಲ್ಲಿ ಹೇಳಿಕೊಳ್ಳುವುದು. ಆಮೇಲೆ ಎಲ್ಲ ಬೆರಳಿನ ಮಾತು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಅಂಗೈ ಹಿಡಿದು ಅದುಮಿದರೆ ಐದು. ಟವೆಲಿನ ಕೆಳಗೆ ಯುದ್ಧ ನಡೆಯುತ್ತಿರುವಾಗ ಮೇಲೆ ಬಾಯಿ ಮಳೆಯ ಬಗ್ಗೆ, ಮಕ್ಕಳ ಕೆಮ್ಮಿನ ಬಗ್ಗೆ ಮಾತಾಡುತ್ತಿರುತ್ತದೆ. ವ್ಯಾಪಾರ ಕುದುರಿದರೆ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಳ್ಳುವುದು. ಅಷ್ಟೆ. ಪಕ್ಕದಲ್ಲಿ ನಿಂತವನಿಗೆ ಗೊತ್ತಾಗುವುದು ಮಕ್ಕಳ ಕೆಮ್ಮಿನ ವಿಷಯ ಮಾತ್ರ.

ಇಷ್ಟು ವರ್ಷದ ಅನುಭವದಿಂದ ಹೇಳುತ್ತೇನೆ, ಬೇಕಾದರೆ ಬರೆದುಕೊಳ್ಳಿ. ನಾನು ಜೀವನದಲ್ಲಿ ಪುಕ್ಕಟೆ ಕೊಟ್ಟಿರುವುದು ಬುದ್ಧಿವಾದವೊಂದನ್ನೇ. ವಸ್ತು ಬೇಕು ಎಂಬ ಆಸೆ ಮುಖದ ಮೇಲೆ ಕಾಣಿಸಬಾರದು. ವಸ್ತುವನ್ನು ಕೈಗೆತ್ತಿಕೊಂಡ ತಕ್ಷಣ ಅದರಲ್ಲಿ ಒಂದು ಕುಂದು ಹುಡುಕಬೇಕು. ಕುಂದಿಲ್ಲದಿದ್ದರೆ ಅದನ್ನೇ ಅನುಮಾನದಿಂದ ನೋಡಬೇಕು. ಅಂಕಿಯನ್ನು ಎದುರಿನವನ ಬಾಯಿಂದಲೇ ಹೊರಡಿಸಬೇಕು, ಮೊದಲು ಅಂಕಿ ಹೇಳಿದವನು ಅರ್ಧ ಸೋತ ಹಾಗೆ. ಏನೂ ಆಗದಿದ್ದರೆ ಎದ್ದು ಹೊರಟುಬಿಡಬೇಕು. ಆದರೆ ಚಪ್ಪಲಿಯನ್ನು ನಿಧಾನವಾಗಿ ಮೆಟ್ಟಬೇಕು, ಕರೆಯಲು ಅವನಿಗೂ ಸಮಯ ಬೇಕಲ್ಲ. ಈ ವಿದ್ಯೆಯಿಂದ ನಾನು ಮದ್ರಾಸಿನ ಸೇಟುಗಳ ಬೆವರಿಳಿಸಿದ್ದೇನೆ. ನನ್ನ ಮದುವೆಯಲ್ಲಿ ಓಲಗದವರ ಜೊತೆ ನಾನೇ ಮಾತಾಡಿದ್ದೆ. ತಾಳಿ ಕಟ್ಟುವ ಹೊತ್ತಿಗೆ ಒಂದೇ ನಾಗಸ್ವರ ಇದ್ದದ್ದು, ಡೋಲಿನವನು ಬಂದೇ ಇರಲಿಲ್ಲ. ಆ ವಿಷಯ ಈಗಲೂ ಮನೆಯಲ್ಲಿ ಬರುತ್ತದೆ.

ಮೆಕರೋನಿ ಸಿಕ್ಕಿದ್ದು ನಂಗಲಿಯಲ್ಲಿ. ಆಂಧ್ರದ ಗಡಿ ಅಲ್ಲೇ ಆದ್ದರಿಂದ ರಸ್ತೆಯ ಎರಡೂ ಬದಿಗೆ ಲಾರಿಗಳು ಸಾಲಾಗಿ ನಿಂತಿರುತ್ತವೆ, ಲಾರಿಯವರ ಹತ್ತಿರ ಸೂಜಿಯಿಂದ ಹಿಡಿದು ಟಾರ್ಪಾಲಿನವರೆಗೆ ಏನು ಬೇಕಾದರೂ ಸಿಗುತ್ತದೆ. ಯಾವುದೋ ಬಾಕಿ ವಸೂಲಿಗೆ ಹೋಗಿದ್ದೆ ಎಂದಿಟ್ಟುಕೊಳ್ಳಿ. ಒಬ್ಬ ಡ್ರೈವರು ಮೂಲೆ ಹರಿದ ಬಿಳಿ ಮೂಟೆಯೊಂದನ್ನು ನೆಲಕ್ಕಿಳಿಸಿ ಅದರ ಮೇಲೆಯೇ ಕೂತು ಬೀಡಿ ಸೇದುತ್ತಿದ್ದ. ಮೂಟೆ ಹರಿದಿದೆ ಎಂದು ಅಂಗಡಿಯವರು ತೆಗೆದುಕೊಳ್ಳದೆ ವಾಪಸ್ ಕಳಿಸಿದ್ದರಂತೆ. ಹರಿದ ಜಾಗದಿಂದ ಬೆರಳಷ್ಟೂ ಇಲ್ಲದ, ಬಾಗಿದ, ಹಳದಿ ಕೊಳವೆಗಳು ಇಣುಕುತ್ತಿದ್ದವು. ಇದೇನಯ್ಯಾ ಎಂದು ಕೇಳಿದೆ.

"ಮೆಕರೋನಿ ಅನ್ನಾ. ದೊರಲು ತಿನೇದಿ" ಎಂದ. ದೊರೆಗಳು ತಿನ್ನುವ ಪದಾರ್ಥವಂತೆ.

ದೊರೆಗಳು ಎಂದ ಕೂಡಲೇ ನನ್ನ ಆಸೆ ಎದ್ದು ಕೂತಿತು. ಮುಖದ ಮೇಲೆ ಬರದಂತೆ ಅದನ್ನು ಅದುಮಿದೆ. ಒಂದು ಕೊಳವೆಯನ್ನು ಎತ್ತಿ ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದೆ. ಆಚೆ ಬದಿಯ ಹುಣಸೆ ಮರ ಕಾಣಿಸಿತು. "ಇದಕ್ಕೆ ತೂತು ಬಿದ್ದಿದೆಯಲ್ಲಯ್ಯಾ!" ಎಂದೆ. ಡ್ರೈವರು ಬೀಡಿ ಬಾಯಿಂದ ತೆಗೆದು ನನ್ನನ್ನೇ ನೋಡಿದ. "ಒಂದಕ್ಕಲ್ಲ, ಎಲ್ಲಕ್ಕೂ ಬಿದ್ದಿದೆ. ಇದರಲ್ಲಿ ಅರ್ಧ ಹಿಟ್ಟು, ಅರ್ಧ ಗಾಳಿ. ಗಾಳಿಗೆ ನಾನು ದುಡ್ಡು ಕೊಡಬೇಕಾ?" ಎಂದು ದಬಾಯಿಸಿದೆ. ಟವೆಲ್ ಹೊದಿಸಿ ಕೈ ಕೊಟ್ಟೆ. ಅವನಿಗೆ ಬೆರಳಿನ ಲೆಕ್ಕ ಸರಿಯಾಗಿ ಬರುತ್ತಿರಲಿಲ್ಲವೋ, ಮೂಟೆ ಇಳಿಸಿ ಊರು ಸೇರಿದರೆ ಸಾಕಾಗಿತ್ತೋ, ನಾನು ಹಿಡಿದ ಬೆರಳಿಗೇ ಒಪ್ಪಿಬಿಟ್ಟ. ಗೆದ್ದ ಖುಷಿಯಲ್ಲಿ ನಾನು ಒಂದು ಸಣ್ಣ ವಿಷಯ ಕೇಳುವುದನ್ನು ಮರೆತೆ. ಇದನ್ನು ಬೇಯಿಸುವುದು ಹೇಗೆ ಎಂಬುದು.

ಮನೆಯಲ್ಲಿ ಮೂಟೆ ಬಿಚ್ಚಿದಾಗ ನನ್ನ ಹೆಂಡತಿ ಜಯ ಒಂದು ಹಿಡಿ ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಇಲ್ಲಿ ನಮ್ಮ ನಂಟನ್ನು ಹೇಳಿಬಿಡಬೇಕು. ಜಯ ನನ್ನ ಸ್ವಂತ ಅಕ್ಕನ ಮಗಳು. ನಮ್ಮ ಕಡೆ ಇದು ನಡೆದು ಬಂದ ಪದ್ಧತಿ. ಇದರಿಂದ ಆಗುವ ಅನುಕೂಲವೇನೆಂದರೆ, ಬೇರೆಯವರಿಗೆ ಅಕ್ಕನ ಕೈಲಿ ಬೈಸಿಕೊಳ್ಳಲು ಒಬ್ಬರು, ಅತ್ತೆಯ ಕೈಲಿ ಬೈಸಿಕೊಳ್ಳಲು ಇನ್ನೊಬ್ಬರು ಬೇಕು; ನನಗೆ ಎರಡೂ ಒಂದೇ ಬಾಯಲ್ಲಿ ಆಗಿಹೋಗುತ್ತದೆ. ಜಯ ಹುಟ್ಟಿದಾಗಿನಿಂದ ನನ್ನನ್ನು ಮಾವ ಎಂದೇ ಕರೆದವಳು, ಮದುವೆಯಾದ ಮೇಲೂ ಅದೇ ಉಳಿಯಿತು.

"ಇದೇನ್ ಮಾವ, ಒಂದ್ ಮೂಟೆ ಸೈಕಲ್ ವಾಲ್ ಟ್ಯೂಬ್ ತಂದಿದ್ದೀರಾ?" ಎಂದಳು.

"ಲೇ, ಇದು ದೊರೆಗಳು ತಿನ್ನೋದು ಕಣೇ."

"ಹಂಗಾದ್ರೆ ದೊರೆಗಳು ಬರ್ಲಿ, ಬೇಯಿಸ್ಕೊಂಡು ತಿನ್ಲಿ. ಇಲ್ಲಾ, ತಂದೋರು ಬೇಯಿಸ್ಲಿ. ನಾನಂತೂ ಮುಟ್ಟಲ್ಲ."

ಮೂಟೆ ಅಟ್ಟಕ್ಕೆ ಹೋಯಿತು. ನಮ್ಮ ಮಗಳು ಪದ್ದು ಒಂದಷ್ಟನ್ನು ದಾರಕ್ಕೆ ಪೋಣಿಸಿ ಸರ ಮಾಡಿಕೊಂಡು ಶಾಲೆಗೆ ಹಾಕಿಕೊಂಡು ಹೋದಳು. ನಾನು ಯಾರೂ ಇಲ್ಲದಾಗ ಒಂದು ಹಿಡಿ ಕೋಳಿಗಳ ಮುಂದೆ ಚೆಲ್ಲಿ ನೋಡಿದೆ. ಅವು ಕತ್ತನ್ನು ಆ ಕಡೆಯಿಂದ ಒಮ್ಮೆ, ಈ ಕಡೆಯಿಂದ ಒಮ್ಮೆ ತಿರುಗಿಸಿ ನೋಡಿ, ನನ್ನ ಮುಖವನ್ನೂ ನೋಡಿ, ತಿಪ್ಪೆಯ ಕಡೆಗೆ ಹೋದವು. ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಮೂಟೆಯ ಬಗ್ಗೆ ನಮ್ಮ ಮನೆಯಲ್ಲಿ ಯಾರೂ ಒಂದು ಮಾತೂ ಆಡಲಿಲ್ಲ. ಮಾತಿನ ಅಗತ್ಯವೂ ಇರಲಿಲ್ಲ. ಊಟಕ್ಕೆ ಕೂತಾಗ ನಾನು ಇವತ್ತು ಆ ಹೈದರಾಬಾದಿನವನನ್ನು ಹೇಗೆ ಮಣಿಸಿದೆ ಗೊತ್ತಾ ಎಂದು ಶುರು ಮಾಡಿದರೆ ಜಯ ಸಾರು ಬಡಿಸುತ್ತಲೇ ಒಮ್ಮೆ ಅಟ್ಟದ ಕಡೆಗೆ ಕಣ್ಣೆತ್ತುತ್ತಿದ್ದಳು. ನಾನು ಮುದ್ದೆ ಮುರಿಯುತ್ತಿದ್ದೆ.

ಹೀಗಿರುವಾಗ ಆ ವರ್ಷ ಮಾವಿನ ಕಾಲ ಮುಗಿದ ಮೇಲೆ ಜಯಳಿಗೆ ಟೈಫಾಯಿಡ್ ಬಂತು. ಮೂರು ವಾರ ಜ್ವರ. ಜ್ವರ ಬಿಟ್ಟಿತು, ಆದರೆ ಹೋಗುವಾಗ ಅವಳ ನಾಲಿಗೆಯ ರುಚಿಯನ್ನೂ ಕಟ್ಟಿಕೊಂಡು ಹೋಯಿತು. ಗಂಜಿ ಕೊಟ್ಟರೆ ಬೇಡ. ಇಡ್ಲಿ ತಂದರೆ ಬೇಡ. ಬೇಕರಿಯ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ಕೊಟ್ಟರೆ ಗೋಡೆಯ ಕಡೆ ತಿರುಗಿ ಮಲಗುವಳು. ಅಡುಗೆಗೆ ಬರುತ್ತಿದ್ದ ಪಕ್ಕದ ಬೀದಿಯ ಮುದುಕಿ ನಾಲ್ಕು ದಿನ ಏನೇನೋ ಮಾಡಿ ನೋಡಿ, ಮನಸ್ಸು ನೊಂದುಕೊಂಡು ಬಿಟ್ಟುಬಿಟ್ಟಳು. ಇಂಜೆಕ್ಷನ್ ಹಾಕಲು ಮನೆಗೇ ಬರುತ್ತಿದ್ದ ಆಸ್ಪತ್ರೆಯ ನರ್ಸ್, ಸಿಸ್ಟರ್ ಸ್ಟೆಲ್ಲಾ, ನನ್ನನ್ನು ಬಾಗಿಲ ಹತ್ತಿರ ಕರೆದು, "ಸಾರ್, ಜ್ವರಕ್ಕೆ ನಾವು ಸೂಜಿ ಚುಚ್ಚಿದ್ವಿ. ಊಟಕ್ಕೆ ಸೂಜಿ ಇಲ್ಲ. ಒಂದಿಷ್ಟಾದ್ರೂ ತಿನ್ನಿಸ್ಲಿಲ್ಲ ಅಂದ್ರೆ ಮತ್ತೆ ಮಲಗಿಬಿಡ್ತಾರೆ" ಎಂದು ಹೇಳಿದರು. ಇಂಜೆಕ್ಷನ್ನಿಗಿಂತ ಅದೇ ನನಗೆ ಹೆಚ್ಚು ಚುಚ್ಚಿತು.

ಸಾಲದ್ದಕ್ಕೆ ಮುಳಬಾಗಿಲಿನಿಂದ ಅಕ್ಕನ ಸಂದೇಶ. ಅಕ್ಕ ಕಾಗದ ಬರೆಯುವವಳಲ್ಲ. ಬಸ್ಸಿನ ಕಂಡಕ್ಟರ್ ಮೂಲಕ ಹೇಳಿ ಕಳಿಸುತ್ತಾಳೆ, ಕಂಡಕ್ಟರ್ ಅದನ್ನು ಟಿಕೆಟ್ ಕೂಗುವ ದನಿಯಲ್ಲೇ ಮಂಡಿಯ ಮುಂದೆ ನಿಂತು ಹೇಳುತ್ತಾನೆ. "ಯಜಮಾನ್ರೇ, ನಿಮ್ಮಕ್ಕ ಹೇಳಿದ್ದಾರೆ! ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಬರ್ತಾರಂತೆ! ಅಷ್ಟರಲ್ಲಿ ಮಗಳು ಹೊಟ್ಟೆಗೆ ತಿಂದಿರಲಿಲ್ಲ ಅಂದ್ರೆ ಅದೇ ಬಸ್ಸಿಗೆ ಕರ್ಕೊಂಡು ಹೋಗ್ತಾರಂತೆ! ಯುಗಾದಿವರ್ಗೂ ಕಳ್ಸಲ್ವಂತೆ! ಹೆಣ್ಣು ಕೊಟ್ಟಿದ್ದೂ ನಾನೇ, ವಾಪಸ್ ತಗೊಳ್ಳೋದೂ ನಾನೇ ಅಂತ ಹೇಳು ಅಂದ್ರು!" ಮಾವು ಮುಗಿದು ಮಂಡಿಯಲ್ಲಿ ಟೊಮೇಟೊ ವ್ಯಾಪಾರಕ್ಕೆ ನಿಂತಿದ್ದವರೆಲ್ಲ ಟವೆಲ್ ಕೆಳಗಿದ್ದ ಕೈಯನ್ನು ಹಾಗೇ ಬಿಟ್ಟು ನನ್ನ ಕಡೆ ತಿರುಗಿದರು. ಆಗಿನ್ನೂ ಶ್ರಾವಣ. ಯುಗಾದಿ ಎಂದರೆ ಏಳು ತಿಂಗಳು.

ಏಳು ತಿಂಗಳು ಅವಳಿಲ್ಲದೆ ಏನಾಗುತ್ತದೆ ಎಂದು ಯೋಚಿಸಿದೆ. ಯೋಚನೆ ಸ್ವಾರ್ಥದಿಂದಲೇ ಶುರುವಾಯಿತು, ಮುಚ್ಚಿಟ್ಟು ಪ್ರಯೋಜನವಿಲ್ಲ. ಬಿಸಿನೀರು ಯಾರು ಕಾಯಿಸುತ್ತಾರೆ, ಪದ್ದುವಿಗೆ ಜಡೆ ಯಾರು ಹಾಕುತ್ತಾರೆ, ನನ್ನ ಕನ್ನಡಕ ನನ್ನ ಹಣೆಯ ಮೇಲೇ ಇದೆ ಎಂದು ಯಾರು ಹೇಳುತ್ತಾರೆ. ಅದು ಮುಗಿದ ಮೇಲೆ ಇನ್ನೊಂದು ಹೊಳೆಯಿತು. ನಾನು ಗೆದ್ದು ಬಂದ ದಿನ ಯಾರ ಮುಂದೆ ಹೇಳಿಕೊಳ್ಳುವುದು? ಅಟ್ಟದ ಕಡೆ ನೋಡಲಾದರೂ ಒಬ್ಬರು ಬೇಡವೇ?

ಗುರುವಾರ ಸಂಜೆ ಹಾಸಿಗೆಯ ಪಕ್ಕ ಕೂತು ಕೇಳಿಯೇಬಿಟ್ಟೆ. "ಜಯಾ, ಏನ್ ತಿಂತೀಯ ಹೇಳು. ಕೋಲಾರದಿಂದ ಬೇಕಾದ್ರೂ ತರಿಸ್ತೀನಿ."

ಅವಳು ಕಣ್ಣು ಬಿಡದೆ ಹೇಳಿದಳು. "ಹದಿನೈದು ವರ್ಷದಿಂದ ಈ ಮನೇಲಿ ನಾನೇ ಮಾಡಿ ನಾನೇ ತಿಂದಿದ್ದೀನಿ ಮಾವ. ಸಾರು ಅಂದ್ರೆ ಒಗ್ಗರಣೆ ಹೊಗೆ ನೆನಪಾಗುತ್ತೆ. ಗಂಜಿ ಅಂದ್ರೆ ಪಾತ್ರೆ ತಳ ಉಜ್ಜೋದು ನೆನಪಾಗುತ್ತೆ. ನಾನು ಯಾವತ್ತೂ ಮಾಡದೇ ಇರೋದು ಏನಾದ್ರೂ ಇದ್ರೆ ಕೊಡಿ, ನೋಡ್ತೀನಿ."

ಅವಳು ಯಾವತ್ತೂ ಮಾಡದೇ ಇದ್ದದ್ದು. ಈ ಸಲ ಅಟ್ಟದ ಕಡೆ ಕಣ್ಣೆತ್ತಿದವನು ನಾನು.

ಶುಕ್ರವಾರ ಬೆಳಿಗ್ಗೆ ಪದ್ದುವನ್ನು ಶಾಲೆಗೆ ಕಳಿಸಿ ಪಂಚೆ ಎತ್ತಿ ಕಟ್ಟಿದೆ. ಮೂಟೆಯನ್ನು ಇಳಿಸಿ, ಮೊರದಲ್ಲಿ ಕೇರಿ, ಹುಳ ಬಿದ್ದಿಲ್ಲ ಎಂದು ಖಾತ್ರಿ ಮಾಡಿಕೊಂಡೆ. ಹುಳಕ್ಕೂ ಬೇಡವಾಗಿತ್ತೆಂದು ಕಾಣುತ್ತದೆ. ಪಂಪ್ ಸ್ಟೌ ಹಚ್ಚುವುದರಲ್ಲೇ ಅರ್ಧ ಗಂಟೆ ಹೋಯಿತು. ಅದರ ಕಿಂಡಿಗೆ ಪಿನ್ ಹಾಕಿದರೆ ಸೀಮೆಎಣ್ಣೆ ಮುಖಕ್ಕೆ ಹಾರುತ್ತದೆ, ಹಾಕದಿದ್ದರೆ ಉರಿಯುವುದೇ ಇಲ್ಲ. ಇಂಥ ಯಂತ್ರದ ಜೊತೆ ಒಬ್ಬ ಹೆಂಗಸು ಹದಿನೈದು ವರ್ಷ ದಿನಕ್ಕೆ ಮೂರು ಸಲ ವ್ಯವಹಾರ ಮಾಡಿದ್ದಾಳೆ ಎಂಬುದು ನನ್ನ ಗಮನಕ್ಕೆ ಬಂದದ್ದು ಅಂದೇ. ನನಗೆ ಗೊತ್ತಿದ್ದ ಅಡುಗೆ ಎಂದರೆ ಮುದ್ದೆ ಒಂದೇ. ಮಾಡಿ ಗೊತ್ತಿರಲಿಲ್ಲ, ನೋಡಿ ಗೊತ್ತಿತ್ತು. ಹಿಟ್ಟು ಯಾವುದಾದರೇನು, ಹಿಟ್ಟು ಹಿಟ್ಟೇ ಅಲ್ಲವೇ ಎಂದು ಎಸರಿಟ್ಟೆ. ನೀರನ್ನು ಅಳತೆ ಮಾಡಿಯೇ ಹಾಕಿದೆ, ದಂಡ ಮಾಡಬಾರದಲ್ಲ. ನೀರು ಕುದಿಯುವ ಮುಂಚೆಯೇ ಕೊಳವೆಗಳನ್ನು ಸುರಿದು, ಮುಚ್ಚಳ ಮುಚ್ಚಿ, ಅರ್ಧ ಗಂಟೆ ಬಿಟ್ಟೆ. ಆಮೇಲೆ ಪಾತ್ರೆಯನ್ನು ಕೆಳಗಿಳಿಸಿ ಎರಡು ಪಾದಗಳ ನಡುವೆ ಒತ್ತಿ ಹಿಡಿದು, ಮುದ್ದೆ ಕೋಲಿನಿಂದ ಗಂಟಿಲ್ಲದಂತೆ ತಿರುವಿದೆ. ಬಹಳ ಚೆನ್ನಾಗಿ ತಿರುವಿದೆ. ನನ್ನ ತೋಳಿನ ಶಕ್ತಿಗೆ ಒಂದು ಕೊಳವೆಯೂ ಉಳಿಯಲಿಲ್ಲ. ಬಿಳಿಯ, ಹೊಳೆಯುವ, ತೆಂಗಿನಕಾಯಿ ಗಾತ್ರದ ಒಂದೇ ಒಂದು ಗುಂಡು ತಯಾರಾಯಿತು. ಕೈ ಒದ್ದೆ ಮಾಡಿಕೊಂಡು ಅದನ್ನು ಉರುಟು ಮಾಡಿದೆ ಕೂಡ.

ಸಿಸ್ಟರ್ ಸ್ಟೆಲ್ಲಾ ಹತ್ತೂವರೆಗೆ ಕೊನೆಯ ಇಂಜೆಕ್ಷನ್ ಹಾಕಲು ಬಂದಾಗ ನಾನು ತಟ್ಟೆಯಲ್ಲಿ ಆ ಗುಂಡನ್ನು ಇಟ್ಟುಕೊಂಡು, ನಡುವೆ ಗುಳಿ ಮಾಡಿ ಸಾರು ಹಾಕುವುದೋ ಬೇಡವೋ ಎಂದು ಯೋಚಿಸುತ್ತಿದ್ದೆ.

"ಏನ್ ಸಾರ್ ಇದು?"

"ಮೆಕರೋನಿ."

ಸಿಸ್ಟರ್ ಔಷಧಿಯ ಪೆಟ್ಟಿಗೆಯನ್ನು ಕೆಳಗಿಟ್ಟು ಗೋಡೆ ಹಿಡಿದುಕೊಂಡರು. ನಗು ನಿಲ್ಲಲು ಎಷ್ಟೋ ಹೊತ್ತು ಬೇಕಾಯಿತು. ಆಮೇಲೆ ಕಣ್ಣೊರೆಸಿಕೊಂಡು, "ಅಯ್ಯೋ ಆಂಡವಾ! ಸಾರ್, ನಾನು ಕೆ.ಜಿ.ಎಫ್‌ನವಳು. ನಮ್ಮಮ್ಮ ಗಣಿ ದೊರೆ ಮನೇಲಿ ಅಡುಗೆಗಿದ್ರು. ಈ ಮೆಕರೋನಿನ ಹುಟ್ಟಿದಾಗಿಂದ ನೋಡಿದ್ದೀನಿ, ಇದರ ಹೆಣ ನೋಡಿದ್ದು ಇವತ್ತೇ" ಎಂದರು.

"ಜಯ ಇದನ್ನ ತಿನ್ನಬೌದಾ?"

"ಇದನ್ನಲ್ಲ ಸಾರ್. ಸರಿಯಾಗಿ ಮಾಡಿದ್ರೆ ಧಾರಾಳವಾಗಿ ತಿನ್ನಬೌದು. ಮೆತ್ತಗಿರುತ್ತೆ, ಹೊಟ್ಟೆಗೆ ಹಿತ. ಕೇಳಿಸ್ಕೊಳ್ಳಿ. ಬಸ್ಸಾರಿಗೆ ಸೊಪ್ಪು ಬೇಯಿಸಲ್ವಾ? ಹಂಗೆ. ದೊಡ್ಡ ಪಾತ್ರೆ ತುಂಬ ನೀರು, ಉಪ್ಪು. ಮಳಮಳ ಕುದೀಬೇಕು, ಆಗ ಹಾಕಿ. ಹತ್ತು ನಿಮಿಷ. ಆಮೇಲೆ ನೀರು ಬಸಿದುಬಿಡಿ. ಬೆಣ್ಣೆ, ಗಟ್ಟಿ ಹಾಲು, ಒಂಚೂರು ಮೆಣಸಿನ ಪುಡಿ. ಅಷ್ಟೇ."

"ಅಷ್ಟೊಂದು ನೀರು ಹಾಕಿ ಕೊನೇಲಿ ಬಸಿದು ಚೆಲ್ಲೋದಕ್ಕಾ? ಅರ್ಧ ಹಾಕಿದ್ರೆ ಆಗಲ್ವಾ ಸಿಸ್ಟರ್?"

"ಅರ್ಧ ಹಾಕಿದ್ರೆ ಅದೋ ಅಲ್ಲಿ ತಟ್ಟೇಲಿದೆಯಲ್ಲ, ಅದಾಗುತ್ತೆ."

"ಹತ್ತು ನಿಮಿಷ ಅಂದ್ರಿ. ಏಳಕ್ಕೆ ಮುಗಿಸ್ಕೊಳ್ಳಿ."

"ಸಾರ್, ಚೌಕಾಸಿ ನನ್ನ ಹತ್ರ ಮಾಡ್ಬೇಡಿ, ಮೆಕರೋನಿ ಹತ್ರ ಮಾಡಿ" ಎಂದು ಅವರು ಜಯಳ ಕೋಣೆಗೆ ಹೋದರು. ಒಳಗಿಂದ ಇಬ್ಬರ ನಗುವೂ ಕೇಳಿಸಿತು. ಒಂದು ತಿಂಗಳಾಗಿತ್ತು ಜಯಳ ನಗು ಕೇಳಿ.

ಆ ಗುಂಡನ್ನು ಹಿತ್ತಿಲಿಗೆ ಒಯ್ದು ಕೋಳಿಗಳ ಮುಂದಿಟ್ಟೆ. ಅವು ಈ ಸಲ ನೋಡಲು ಕೂಡ ಬರಲಿಲ್ಲ. ಎರಡನೆಯ ಸಲ ದೊಡ್ಡ ಪಾತ್ರೆಯಲ್ಲಿ, ಎದೆ ಒಡೆಯುವಷ್ಟು ನೀರು ಹಾಕಿ ಇಟ್ಟೆ. ಕುದಿ ಬಂದ ಮೇಲೆ ಎರಡು ಹಿಡಿ ಕೊಳವೆ ಹಾಕಿದೆ. ಗಡಿಯಾರದಲ್ಲಿ ಏಳು ನಿಮಿಷ ಆದ ಕೂಡಲೇ ಒಂದನ್ನು ತೆಗೆದು ಕಚ್ಚಿ ನೋಡಿದೆ. ಒಳಗೆ ಇನ್ನೂ ಗಟ್ಟಿ. ಎಂಟಕ್ಕೂ ಗಟ್ಟಿ. ಒಂಬತ್ತಕ್ಕೆ, ನೋಡೋಣ ಎನ್ನುವಷ್ಟು. ಸರಿಯಾಗಿ ಹತ್ತಕ್ಕೆ ಮೆತ್ತಗಾಯಿತು. ನನ್ನ ಜೀವನದಲ್ಲಿ ಹೇಳಿದ ಬೆಲೆಗೇ ಗಟ್ಟಿಯಾಗಿ ನಿಂತ ಮೊದಲ ವ್ಯಾಪಾರಿ ಆ ಮೆಕರೋನಿ. ತಟ್ಟೆ ಅಡ್ಡ ಹಿಡಿದು ನೀರು ಬಸಿದೆ, ಹೆಬ್ಬೆರಳು ಸುಟ್ಟಿತು. ಬಾಣಲೆಯಲ್ಲಿ ನಿಂಬೆಹಣ್ಣಿನಷ್ಟು ಬೆಣ್ಣೆ ಕರಗಿಸಿ, ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿದೆ. ಬೆಳ್ಳುಳ್ಳಿ ಸಿಸ್ಟರ್ ಹೇಳಿದ್ದಲ್ಲ, ನನ್ನ ಕೈವಾಡ. ಅದರ ಹಿಂದೆ ಕೆನೆ ಸಮೇತ ಒಂದು ಲೋಟ ಹಾಲು, ಕೊಳವೆಗಳು, ಉಪ್ಪು, ಕುಟ್ಟಿದ ಮೆಣಸು. ಸೌಟಿನಿಂದ ಎರಡು ಸಲ ಮಗುಚಿದ್ದೇ ತಡ, ಹಾಲು ಗಟ್ಟಿಯಾಗಿ, ಬೆಣ್ಣೆಯ ಜೊತೆ ಸೇರಿ, ಪ್ರತಿಯೊಂದು ಕೊಳವೆಯ ಒಳಕ್ಕೂ ನುಗ್ಗಿ ಕೂತಿತು. ಒಂದನ್ನು ಬಾಯಿಗೆ ಹಾಕಿಕೊಂಡೆ. ಕಚ್ಚಿದರೆ ಒಳಗಿಂದ ಬಿಸಿ ಹಾಲು, ಬೆಣ್ಣೆ, ಮೆಣಸು ಒಟ್ಟಿಗೆ ನಾಲಿಗೆಯ ಮೇಲೆ ಇಳಿಯುತ್ತದೆ. ಆ ತೂತು ಇರುವುದೇ ಅದಕ್ಕಾಗಿ. ನಂಗಲಿಯಲ್ಲಿ ನಾನು ಯಾವುದನ್ನು ಗಾಳಿ ಎಂದು ಬೆಲೆ ಕಡಿದಿದ್ದೆನೋ, ಇಡೀ ಪದಾರ್ಥದ ಸತ್ವ ಅದರಲ್ಲೇ ಇತ್ತು. ಆ ಡ್ರೈವರು ಸಿಕ್ಕರೆ ಒಂದು ಟೀ ಕುಡಿಸಬೇಕು ಎಂದುಕೊಂಡೆ. ಟೀ ಮಾತ್ರ.

ತಟ್ಟೆ ಹಿಡಿದು ಒಳಗೆ ಹೋದಾಗ ಹನ್ನೊಂದೂ ಮುಕ್ಕಾಲು. ಮುಳಬಾಗಿಲಿನ ಬಸ್ಸು ಬರಲು ಕಾಲು ಗಂಟೆ. ಜಯ ದಿಂಬಿಗೆ ಒರಗಿ ಕೂತಿದ್ದಳು. ಬೆಣ್ಣೆ, ಬೆಳ್ಳುಳ್ಳಿಯ ವಾಸನೆಗೆ ಅವಳ ಮೂಗು ಸ್ವಲ್ಪ ಅರಳಿತು, ನಾನು ನೋಡಿದೆ. ಆದರೆ ಮುಖ ಹಾಗೇ ಇತ್ತು.

"ಒಂದ್ ಹತ್ತು ತುತ್ತು ತಿಂದ್ಬಿಡು ಜಯಾ" ಎಂದೆ. ಅಂದರೆ ಅಂಕಿಯನ್ನು ಮೊದಲು ಹೇಳಿದವನು ನಾನೇ. ಅವಳು ಸೆರಗು ಸರಿಮಾಡಿಕೊಂಡಳು. ನಾನು ಗಡಿಯಾರ ನೋಡಿ, "ಹೋಗ್ಲಿ, ಎಂಟು" ಎಂದೆ. ಅವಳು ಕಿಟಕಿ ನೋಡಿದಳು. "ಐದು. ಐದಾದ್ರೂ ತಿನ್ನೇ. ಅಕ್ಕ ಬಂದ್ಬಿಡ್ತಾಳೆ" ಎಂದೆ. ಯಾರೂ ಕೇಳದೆಯೇ ಬೆಲೆಯನ್ನು ಅರ್ಧಕ್ಕೆ ಇಳಿಸಿದ್ದೂ ಅಲ್ಲದೆ, ನನಗೆಷ್ಟು ಗರಜಿದೆ ಎಂಬುದನ್ನೂ ನನ್ನ ಬಾಯಿಂದಲೇ ಹೇಳಿಬಿಟ್ಟಿದ್ದೆ. ಮಂಡಿಯಲ್ಲಿ ಹೀಗೆ ಮಾಡುವವನನ್ನು ನಾವು ಕೂರಿಸಿ ಟೀ ಕೊಟ್ಟು ಗೌರವಿಸುತ್ತೇವೆ.

ಜಯ ಒಂದು ಕೊಳವೆಯನ್ನು ಎರಡು ಬೆರಳಿನಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಳು. "ಇದಕ್ಕೆ ತೂತು ಬಿದ್ದಿದೆಯಲ್ಲ ಮಾವ" ಎಂದಳು. ಮೂಟೆ ಅಟ್ಟಕ್ಕೆ ಹೋಗುವ ಮುಂಚೆ ನಂಗಲಿಯ ಕಥೆಯನ್ನು ನಾನೇ ಅವಳಿಗೆ ಎಷ್ಟು ಸಲ ಅಭಿನಯಿಸಿ ತೋರಿಸಿದ್ದೆನೋ! ಅದನ್ನು ಬಾಯಿಗೆ ಹಾಕಿಕೊಂಡು ಅಗಿದು, "ಉಪ್ಪೂ ಕಮ್ಮಿ" ಎಂದಳು. ಹಾಗೆಂದು ಗೋಡೆಯ ಕಡೆಗೆ ತಿರುಗತೊಡಗಿದಳು. ಬಹಳ ನಿಧಾನವಾಗಿ ತಿರುಗಿದಳು, ಕರೆಯಲು ನನಗೂ ಸಮಯ ಬೇಕಲ್ಲ.

"ಲೇ ಲೇ, ತಡಿಯೇ! ಏನ್ ಬೇಕು ಹೇಳೇ!"

ಅವಳು ತಿರುಗಿ ನನ್ನ ಹೆಗಲಿನ ಟವೆಲನ್ನು ಎಳೆದುಕೊಂಡು ತನ್ನ ಕೈಯ ಮೇಲೆ ಹೊದಿಸಿಕೊಂಡಳು. "ಬಾಯಲ್ಲಿ ಬೇಡ. ಅಕ್ಕಪಕ್ಕದೋರು ಕೇಳಿಸ್ಕೊಳ್ತಾರೆ. ತಟ್ಟೆ ಪೂರ್ತಿ ಖಾಲಿ ಮಾಡ್ತೀನಿ. ನಂಗೆ ಮೈಯಲ್ಲಿ ಶಕ್ತಿ ಬರೋವರ್ಗೂ ಬೆಳಿಗ್ಗೆ ತಿಂಡಿ ನೀವು ಮಾಡ್ಬೇಕು. ಎಷ್ಟು ದಿನ ಅಂತ ಕೈ ಕೊಡಿ. ಲೆಕ್ಕ ತಿಂಗಳಲ್ಲಿ."

ನಾನು ಟವೆಲಿನ ಕೆಳಗೆ ಕೈ ಹಾಕಿ ಅವಳ ಒಂದು ಬೆರಳು ಹಿಡಿದೆ. ಸಾವಿರಾರು ಕೈಗಳನ್ನು ಟವೆಲಿನ ಕೆಳಗೆ ಹಿಡಿದವನು ನಾನು. ಒರಟು ಕೈ, ಬೆವರುವ ಕೈ, ಉಂಗುರದ ಕೈ, ಎಲ್ಲ ಗೊತ್ತು. ಈ ಕೈಯಲ್ಲಿ ಬರೀ ಮೂಳೆ ಇತ್ತು. ಬಳೆ ಮೊಣಕೈವರೆಗೂ ಸರಿದು ಹೋಗುತ್ತಿತ್ತು. ಅವಳು ನನ್ನ ಬೆರಳನ್ನು ಕೊಡವಿ, ನನ್ನ ನಾಲ್ಕು ಬೆರಳುಗಳನ್ನು ಒಟ್ಟಿಗೆ ಹಿಡಿದಳು. ಹಿಡಿತದಲ್ಲಿ ಬಲವೇ ಇರಲಿಲ್ಲ. ಮದ್ರಾಸಿನ ಸೇಟುಗಳು ಕೈಮುರಿಯುವ ಹಾಗೆ ಅದುಮಿದರೂ ಅಲುಗದ ನಾನು ಆ ಹಿಡಿತದಿಂದ ಬೆರಳು ಬಿಡಿಸಿಕೊಳ್ಳಲಿಲ್ಲ. ಎರಡು ಎನ್ನೋಣವೇ, ಮೂರಕ್ಕೆ ನಿಲ್ಲಿಸೋಣವೇ ಎಂದು ಅಭ್ಯಾಸಬಲದಿಂದ ಯೋಚಿಸುತ್ತಿರುವಾಗಲೇ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಅವಳು ನಾಲ್ಕು ಕೇಳಿದ್ದಳು. ನಾನು ಅವಳ ಇಡೀ ಅಂಗೈಯನ್ನು ಹಿಡಿದು ಅದುಮಿದೆ. ಐದು. ಮಂಡಿಯ ಚರಿತ್ರೆಯಲ್ಲಿ ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟವನು ನಾನೊಬ್ಬನೇ ಇರಬೇಕು.

ಜಯ ಟವೆಲ್ ಕೊಡವಿ ನನ್ನ ಹೆಗಲಿಗೆ ಹಾಕಿದಳು. ಆಮೇಲೆ ತಟ್ಟೆ ಎಳೆದುಕೊಂಡು ಶುರು ಮಾಡಿದಳು.

"ಬೆರಳಿನ ಲೆಕ್ಕ ನಿನಗೆ ಯಾರೇ ಹೇಳ್ಕೊಟ್ಟೋರು?" ಎಂದು ಕೇಳಿದೆ.

"ಯಾರು ಹೇಳ್ಕೊಡ್ಬೇಕು? ಮಾವಿನ ಕಾಲ ಬಂತು ಅಂದ್ರೆ ನೀವು ನಿದ್ದೇಲಿ ನನ್ನ ಕೈ ಹಿಡ್ಕೊಂಡು ವ್ಯಾಪಾರ ಮಾಡ್ತೀರಲ್ಲ. ಹದಿನೈದು ವರ್ಷ ಆಯ್ತು" ಎಂದು, ಒಂದು ಕೊಳವೆಯನ್ನು ಸದ್ದು ಮಾಡುತ್ತಾ ಹೀರಿಕೊಂಡು, "ನಿದ್ದೇಲಿ ನೀವು ದಿನಾ ಸೋಲ್ತೀರ" ಎಂದಳು.

ಅಕ್ಕ ಒಳಗೆ ಬರುವ ಹೊತ್ತಿಗೆ ತಟ್ಟೆಯಲ್ಲಿ ಉಳಿದದ್ದು ಮೂರೇ ಕೊಳವೆ. ಅಕ್ಕನ ಎರಡೂ ಕೈಯಲ್ಲಿ ಚೀಲ. ಮಗಳನ್ನು ನೋಡಿದಳು, ತಟ್ಟೆ ನೋಡಿದಳು, ಎತ್ತಿ ಕಟ್ಟಿದ ನನ್ನ ಪಂಚೆ ನೋಡಿದಳು. "ಏನ್ಲಾ, ನೀನಾ ಮಾ‌ಡಿದ್ದು?" ಎಂದು ಒಂದು ಕೊಳವೆಯನ್ನು ಬಾಯಿಗೆ ಹಾಕಿಕೊಂಡಳು. "ಪರ್ವಾಗಿಲ್ಲ ಕಣೋ. ಉಪ್ಪು ಒಂಚೂರು ಮುಂದಾಗ್ಬೇಕು" ಎಂದಳು. ಉಳಿದ ಎರಡನ್ನೂ ತಿಂದಳು.

"ಹಂಗಾದ್ರೆ ಕರ್ಕೊಂಡು ಹೋಗಲ್ವಾ?" ಎಂದು ಕೇಳಿದೆ.

ಅಕ್ಕ ಚೀಲಗಳನ್ನು ನೆಲದ ಮೇಲೆ ಬಿಚ್ಚಿದಳು. ಒಂದರಲ್ಲಿ ರಾಗಿ ಹಿಟ್ಟು, ಹುರುಳಿಕಾಳು, ಒಂದು ಡಬ್ಬಿ ತುಪ್ಪ. ಇನ್ನೊಂದರಲ್ಲಿ ಅವಳ ನಾಲ್ಕು ಸೀರೆ. "ಟೈಫಾಯಿಡ್ ಎದ್ದಿರೋ ಮಗೂನ ಆ ಬಸ್ಸಲ್ಲಿ ಕುಲುಕಿಸ್ಕೊಂಡು ಹೋಗೋಕೆ ನನಗೇನ್ ತಲೆ ಕೆಟ್ಟಿದೆಯಾ? ಎರಡು ತಿಂಗಳು ಇಲ್ಲೇ ಇದ್ದು ಅಡುಗೆ ಮಾಡಿ ಹಾಕೋಣ ಅಂತ ಬಂದೆ. ನಿನಗೆ ಒಂಚೂರು ಭಯ ಇರ್ಲಿ ಅಂತ ಕಂಡಕ್ಟರ್ ಹತ್ರ ಹಂಗೆ ಹೇಳಿಸಿದ್ದು" ಎಂದಳು. ಅಡುಗೆಮನೆಯ ಕಡೆ ಕತ್ತು ಚಾಚಿ, ನಾನು ಹರಡಿದ್ದ ಪಾತ್ರೆಗಳನ್ನೆಲ್ಲ ಸಮಾಧಾನದಿಂದ ನೋಡಿದಳು. "ಈಗ ಬೆಳಿಗ್ಗೆ ಹೊತ್ತು ನೀನೇ ಮಾಡ್ತೀಯಲ್ಲ, ನಾನು ಕೂತ್ಕೊಂಡು ತಿಂತೀನಿ ಬಿಡು."

ಬೆಳಗಿನ ವಿಷಯ ಅಕ್ಕನಿಗೆ ಹೇಗೆ ಗೊತ್ತಾಯಿತು ಎಂದು ಕೇಳಲು ಜಯಳ ಕಡೆ ತಿರುಗಿದೆ. ಅವಳು ಖಾಲಿ ತಟ್ಟೆ ಪಕ್ಕಕ್ಕಿಟ್ಟು, ಮುಸುಕು ಹಾಕಿಕೊಂಡು ಮಲಗಿಬಿಟ್ಟಿದ್ದಳು. ಮುಸುಕು ಅಲುಗುತ್ತಿತ್ತು. ಬೆಳಿಗ್ಗೆ ಕೋಣೆಯಲ್ಲಿ ಇಬ್ಬರೂ ನಗುತ್ತಾ ಈ ವ್ಯಾಪಾರವನ್ನು ಮೊದಲೇ ಮಾತಾಡಿಕೊಂಡಿದ್ದರು, ಬಸ್ ಸ್ಟ್ಯಾಂಡಿನ ದಾರಿಯಲ್ಲೇ ಆಸ್ಪತ್ರೆಗೆ ಹೋಗುವ ಸಿಸ್ಟರ್ ಸ್ಟೆಲ್ಲಾ ಅಲ್ಲಿ ಅಕ್ಕನಿಗೆ ಸಿಕ್ಕಿದ್ದರು ಎಂಬುದು ನನಗೆ ಹೊಳೆದದ್ದು ಮಾರನೆಯ ದಿನ, ಸ್ಟೌಗೆ ಪಿನ್ ಹಾಕುತ್ತಿರುವಾಗ.

ಮೂಟೆ ಸಂಕ್ರಾಂತಿಯವರೆಗೆ ಬಂತು. ಜಯ ಮೈತುಂಬಿಕೊಂಡಳು, ಬಳೆ ಮಣಿಕಟ್ಟಿನಲ್ಲೇ ನಿಂತಿತು. ಈಗ ಮಂಡಿಯಲ್ಲಿ ಯಾರಾದರೂ ತನಗೆ ಕಾಫಿ ಕಾಯಿಸಲೂ ಬರುವುದಿಲ್ಲ ಎಂದು ಕಾಲ ಮೇಲೆ ಕಾಲು ಹಾಕಿದರೆ, ಅವರನ್ನು ಕೂರಿಸಿಕೊಂಡು ನೀರು ಎಷ್ಟಿರಬೇಕು, ಯಾವಾಗ ಬಸಿಯಬೇಕು, ಹತ್ತು ನಿಮಿಷ ಎಂದರೆ ಹತ್ತೇ ನಿಮಿಷ ಎಂದು ಬುದ್ಧಿ ಹೇಳುತ್ತೇನೆ. ಅದೂ ಪುಕ್ಕಟೆ. ಚೌಕಾಸಿಯ ಬಗ್ಗೆಯೂ ಕೇಳಿದವರಿಗೆ ಹೇಳುತ್ತೇನೆ, ಮೊದಲು ಹೇಳಿದ್ದನ್ನೆಲ್ಲ ಹೇಳಿ ಕೊನೆಯಲ್ಲಿ ಒಂದು ಮಾತು ಸೇರಿಸುತ್ತೇನೆ, ನಿದ್ದೆಯಲ್ಲಿ ಕೈ ಜೋಪಾನ ಎಂದು, ಅಷ್ಟೆ. ನಾನಂತೂ ಮಾವಿನ ಕಾಲ ಬಂತೆಂದರೆ ಎರಡೂ ಕೈಯನ್ನು ನನ್ನ ದಿಂಬಿನ ಕೆಳಗೆ ಇಟ್ಟುಕೊಂಡೇ ಮಲಗುತ್ತೇನೆ.